ಅಳತೆ ಪುಸ್ತಕ

ಆ ಸಂಜೆ ಹೊಸಂಗಡಿಯ ರೈಲ್ವೆ ಗೇಟು ಬಿದ್ದಿತ್ತು.
ಇಲ್ಲದಿದ್ದರೆ ಅವರ ಜೀಪು
ನನ್ನ ಅಂಗಡಿ ಮುಂದೆ ನಿಲ್ಲುತ್ತಲೇ ಇರಲಿಲ್ಲ.
ಇಳಿದವನ ತಲೆ ಬಾಗಿಲಪಟ್ಟಿಗೆ ತಾಗಿತು.
ಎಂಟು ಗಂಟೆಗೆ ಮೊಗ್ರಾಲಿನಲ್ಲಿ ಆಟ,
ಬೇಗ ಒಂದು ಒಂಬತ್ತು ಹೊಲಿದು ಕೊಡಿ, ಎಂದರು
ಮ್ಯಾನೇಜರ್ ಅಂದುಂಞಿ.
ನಾನು ಚಾಕಿನಲ್ಲಿ ಬರೆದದ್ದು ೯.
ಕನ್ನಡ ಶಾಲೆಯ ಕೈ, ಅವಸರದಲ್ಲಿ ಬಂದದ್ದು ಅದೇ.
ಅವನಿಗದು ಬಳ್ಳಿಯ ಚಿತ್ತಾರದಂತೆ ಕಂಡಿರಬೇಕು,
ಹೆಬ್ಬೆರಳೆತ್ತಿದ.
ರೆಫ್ರಿಗೆ ಮಾತ್ರ ಚಂದ ಕಾಣಲಿಲ್ಲವಂತೆ.
ಮರುದಿನ ಬಂದು ಬಿಚ್ಚಿಸಿ
9 ಹಾಕಿಸಿಕೊಂಡು ಹೋದ.
ಕೊಟ್ಟದ್ದು ಹದಿನೈದು ರೂಪಾಯಿ,
ಮೇಲೆ ಎರಡು ಗೋಲಿನ ಸುದ್ದಿ.

ಹೆಸರು: ಎಡೆಮ್ ಬಸ್ಸಿ. ಊರು: ಕಲಬಾರ್, ನೈಜೀರಿಯ.
ಎದೆ ೩೮. ಸೊಂಟ ೩೦. ಭುಜ ೧೮.

ರಾತ್ರಿಯ ಸೆವೆನ್ಸ್ ಆಟಕ್ಕೆ ನಾನು ಹೋದವಳಲ್ಲ.
ಜೆರ್ಸಿ ತರುವ ಹುಡುಗರೇ ಹೇಳಬೇಕು:
ಬಲಬದಿಯಿಂದ ಅವನು ಹೊರಟರೆ
ಇಡೀ ಗ್ಯಾಲರಿ ಏಳುತ್ತಿತ್ತಂತೆ,
ಬಸ್ಸು ಬಂತು! ಬಸ್ಸು ಬಂತು!
ಕೈ ಅಡ್ಡ ಹಿಡಿದರೂ ನಿಲ್ಲದ ಬಸ್ಸು.
ನನಗೆ ಗೊತ್ತಿರುವುದು ಬಟ್ಟೆ ಹೇಳಿದಷ್ಟು.
ಎಡ ಭುಜ ಸೀಳಿದ್ದು ಚೆರ್ವತ್ತೂರಿನಲ್ಲಿ.
ಒಗೆದಷ್ಟೂ ಹೋಗದ ಕೆಂಪು
ಯಾವ ಮೈದಾನದ ಮುರಕಲ್ಲು ಮಣ್ಣೋ, ನೆತ್ತರೋ,
ಕೇಳಲಿಲ್ಲ.

ಮೆಷಿನ್ ಓಡುವಷ್ಟು ಹೊತ್ತು ಕಂತುಕಂತಾಗಿ
ಅವನೇ ಹೇಳಿದ್ದಿಷ್ಟು:
ಕೊಲ್ಕತ್ತದ ಕ್ಲಬ್ಬಿನ ಕಾಗದ,
ಇಳಿದ ಮೇಲೆ ಫೋನೆತ್ತದ ಏಜೆಂಟ್,
ಒಂದು ಕೋಣೆ, ಒಂಬತ್ತು ಚಾಪೆ.
ತೆಂಕಲಿಗೆ ಹೋಗು, ಅಲ್ಲಿ ರಾತ್ರಿಗಿಷ್ಟೆಂದು
ಎಣಿಸಿ ಕೊಡುತ್ತಾರೆ, ಎಂದರಂತೆ ಯಾರೋ.
ಅಮ್ಮನಿಗೆ ಕಳಿಸುವ ಫೋಟೋದಲ್ಲಿ
ಬಿದಿರಿನ ಗ್ಯಾಲರಿ ಬರಬಾರದು.
ಹಾಗಾಗಿ ಎಲ್ಲ ಫೋಟೋದಲ್ಲೂ ಅವನ ಹಿಂದೆ
ಬರೀ ಕತ್ತಲು, ಮತ್ತು ಒಂದು ದೀಪ.

ಆರನೆಯ ಸೀಸನ್ನಿಗೆ ಬಂದು ಸ್ಟೂಲಿನಲ್ಲಿ ಕೂತ.
ಮೊದಲೆಲ್ಲ ಕೂರುತ್ತಿರಲಿಲ್ಲ.
ಇನ್ನು ಮುಂದೆ ನನ್ನನ್ನು ಹಿಂದೆ ನಿಲ್ಲಿಸುತ್ತಾರೆ ಅಕ್ಕ,
ಹೊಸ ಅಂಕಿ ಬೇಡ,
ಇದನ್ನೇ ಬಿಚ್ಚಿ ತಲೆಕೆಳಗು ಮಾಡು.
ಮಾಡಿದೆ. ಒಂಬತ್ತು ಆರಾಯಿತು.
ದುಡ್ಡು ತೆಗೆದುಕೊಳ್ಳಲು ಮನಸ್ಸಾಗಲಿಲ್ಲ.
ತೆಗೆದುಕೊಂಡೆ.

ಮತ್ತಿನ ವರ್ಷ ತೃಕ್ಕರಿಪುರದಲ್ಲಿ ಮೊಣಕಾಲು.
ಲಂಗದ ಇಲಾಸ್ಟಿಕ್ ಹಾಕಿ
ಎರಡು ಪಟ್ಟಿ ಹೊಲಿದುಕೊಟ್ಟಿದ್ದೆ,
ಒಂದಕ್ಕಷ್ಟೇ ಕೆಲಸವಿತ್ತು.
ಕಂತುಗಳು ಅಲ್ಲಿಗೆ ನಿಂತವು.
ಊರಿಗೆ ಹೋದನೆಂದರು ಕೆಲವರು,
ಬಂದ್ಯೋಡಿನ ಮೀನಿನ ಲಾರಿಯಲ್ಲಿ ಕಂಡೆವೆಂದರು ಕೆಲವರು.

ಬಂದದ್ದು ಕೊರಳಲ್ಲಿ ಸೀಟಿ ಹಾಕಿಕೊಂಡು.
ಸೊಂಟ ೩೬. ಹಳೆಯ ಮೂವತ್ತಕ್ಕೆ ಅಡ್ಡಗೆರೆ ಎಳೆಯುವಾಗ
ಇಬ್ಬರೂ ನಕ್ಕೆವು.
ಪೈವಳಿಕೆ ಶಾಲೆಯ ಹುಡುಗಿಯರಿಗೆ ಕೋಚಂತೆ.
ಸಂಬಳ ಪಿಟಿಎ ಕೊಟ್ಟರೆ ಉಂಟು.
ಓಡು ಎನ್ನಲು ತುಳು ಕಲಿತಿದ್ದಾನೆ,
ಪಾಸ್ ಕೊಡು ಎನ್ನಲು ಮಲಯಾಳ.
ಬೈಯಲು ಮಾತ್ರ ಕಲಬಾರಿನ ಭಾಷೆಯೇ ಬೇಕು,
ಮಕ್ಕಳಿಗೆ ಈಗ ಅದೂ ಬರುತ್ತದೆ.

ಹೋದ ವಾರ ಗೋಣಿಚೀಲ ತಂದು ಸುರಿದ.
ಅವನವೇ ಹಳೆ ಜೆರ್ಸಿ, ಹನ್ನೊಂದು.
ಕತ್ತರಿಸಿ ಚಿಕ್ಕದು ಮಾಡಿ
ಒಂದರಿಂದ ಹನ್ನೊಂದು ನಂಬರ್ ಹೊಲಿಯಬೇಕು.
ಬ್ಲೇಡಿನ ತುದಿಯಲ್ಲಿ ಅಂಕಿಯನ್ನು ಎಬ್ಬಿಸಿದೆ.
ಅಡಿಯಲ್ಲಿ ಇನ್ನೊಂದು ಒಂಬತ್ತು,
ಬಿಸಿಲು ಕಾಣದ ಬಟ್ಟೆ, ಕೊಂಡ ದಿನದ ನೀಲಿ.
ತಲೆಕೆಳಗು ಮಾಡಿದ್ದರಲ್ಲಿ ಎರಡರ ನೆರಳೂ ಸೇರಿ ಗಂಟಾಗಿದೆ.
ಎಲ್ಲಕ್ಕಿಂತ ಅಡಿಯಲ್ಲಿದ್ದದ್ದರ ಬೆನ್ನಲ್ಲಿ
ಸೂಜಿ ತೂತುಗಳ ಸಾಲು: ೯.

ತೋರಿಸಿದೆ. ನೋಡಿದ, ಬೆರಳಾಡಿಸಿದ.
ಎಲ್ಲರ ಬೆನ್ನಲ್ಲೂ ಒಂಬತ್ತು ಅಡಗಿದ್ದರೆ
ಎಲ್ಲರೂ ಮುಂದಕ್ಕೇ ಓಡುತ್ತಾರಲ್ಲ ಅಕ್ಕ,
ಗೋಲು ಕಾಯುವುದು ಯಾರು?

ಕಾಯುವವಳು ಮಿಸ್ರಿಯಾ, ಏಳನೇ ಕ್ಲಾಸು.
ಆ ತೂತಿನ ಜೆರ್ಸಿ ಅವಳಿಗೆ ತೆಗೆದಿಟ್ಟಿದ್ದೇನೆ.
ಎದೆ ೨೮. ತೋಳು ೧೯.
ತೋಳಿನ ಅಂಚು ಒಳಗೆ ಮಡಚಿಡು, ಕತ್ತರಿಸಬೇಡ
ಎಂದಿದ್ದಾನೆ.